ಉರಿಯದ ಒಲೆಗೆ ಉರಿ ಹಚ್ಚಬೇಡಿ

ಮಾನ್ಯರೇ,

ಮನೆ ಮಾರಾಟದ ಫೋಟೊ ತಿದ್ದುವ ಕೆಲಸ ಈಗ ದಾವಣಗೆರೆಯ ಹುಡುಗರ ಕೈಗೂ ಬರುತ್ತಿದೆ. ಅಮೆರಿಕದ ಫೋಟೊಗ್ರಾಫರು ಸಂಜೆ ಕಳಿಸಿದ್ದನ್ನು ಇಲ್ಲಿ ಹಗಲಲ್ಲಿ ತಿದ್ದಿ, ಅವರಿಗೆ ಬೆಳಗಾಗುವಷ್ಟರಲ್ಲಿ ಮರಳಿಸುತ್ತಾರೆ. ಪದೇ ಪದೇ ಬರುವ ಕೋರಿಕೆ ಎಂದರೆ ಹಾಲ್‌ನ ಅಗ್ಗಿಷ್ಟಿಕೆಗೆ, ಅಂದರೆ ಫೈರ್‌ಪ್ಲೇಸ್‌ಗೆ, ಬೆಂಕಿ ಹಾಕಿಕೊಡಿ ಎನ್ನುವುದು. ಇದನ್ನು ಎರಡು ನಿಮಿಷದ ಕೆಲಸವೆಂದು ಕಲಿಸುವವರೇ ಹೆಚ್ಚು. ಕಪ್ಪು ಹಿನ್ನೆಲೆಯ ಜ್ವಾಲೆಯ ಚಿತ್ರವನ್ನು ಫೋಟೊಶಾಪ್‌ನಲ್ಲಿ ಮೇಲಿನ ಲೇಯರ್ (ಪದರ) ಆಗಿಟ್ಟು, ಅದು ಕೆಳಗಿನ ಚಿತ್ರದೊಡನೆ ಬೆರೆಯುವ ಬಗೆಯನ್ನು, ಅಂದರೆ ಬ್ಲೆಂಡ್ ಮೋಡನ್ನು, ‘ಸ್ಕ್ರೀನ್’ ಮಾಡಿದರೆ ಕಪ್ಪು ಹೋಗಿ ಉರಿ ಉಳಿಯುತ್ತದೆ, ಅಷ್ಟೇ ಎನ್ನುತ್ತಾರೆ. ಅಗ್ಗಿಷ್ಟಿಕೆಯನ್ನೇ ಕಾಣದ ಊರಿನಲ್ಲಿ ಇಷ್ಟು ಕಲಿತರೆ ಸಾಲದು.

ಸ್ಕ್ರೀನ್ ಮೋಡ್ ಬೆಳಕು ಸೇರಿಸುತ್ತದೆ, ಕೆಳಗಿರುವುದನ್ನು ಮುಚ್ಚುವುದಿಲ್ಲ. ಒಳಗೋಡೆ ತಿಳಿ ಬಣ್ಣದ ಇಟ್ಟಿಗೆಯದಾಗಿದ್ದರೆ, ಅಥವಾ ಬೇರೆಬೇರೆ ಎಕ್ಸ್‌ಪೋಶರಿನ (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣದ) 3–5 ಫೋಟೊ ಸೇರಿಸಿ ಎಚ್‌ಡಿಆರ್ ಮಾಡುವಾಗ ನೆರಳೆಲ್ಲ ತಿಳಿಯಾಗಿದ್ದರೆ, ಉರಿ ಬಿಳಿಚಿಕೊಂಡು ಇಟ್ಟಿಗೆಯ ಸಂದುಗಳು ಅದರೊಳಗಿಂದ ಕಾಣುತ್ತವೆ. ಮೊದಲು ತಿದ್ದಿದ್ದು ಒಲೆಬಾಯಿಗಷ್ಟೇ ತಾಗುವಂತೆ ಮಾಸ್ಕ್ ಹಾಕಿ, ಕರ್ವ್ಸ್‌ನಲ್ಲಿ ಒಂದು ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಕತ್ತಲು ಮಾಡಿಕೊಳ್ಳಬೇಕು. ಉರಿಯ ಸುತ್ತ ಮಸುಕಾದ ಚೌಕ ಉಳಿದರೆ ಜ್ವಾಲೆಯ ಚಿತ್ರದ ಕಪ್ಪು ಪೂರ್ತಿ ಕಪ್ಪಲ್ಲ ಎಂದರ್ಥ. ಲೆವೆಲ್ಸ್‌ನಲ್ಲಿ ಎಡತುದಿಯ ಕಪ್ಪು ಗುಂಡಿಯನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ಹೋಗುತ್ತದೆ.

ಒಂದೇ ಲೇಯರ್‌ನ ಉರಿ ಸೌದೆಯ ಮುಂದೆ ತೂಗುಹಾಕಿದ ಪಟದಂತೆ ಕಾಣುತ್ತದೆ. ಕೊರಡುಗಳ ಹಿಂದೆ ದೊಡ್ಡದೊಂದು, ನಡುವಿನ ಸಂದಿಗೆ ಇನ್ನೊಂದು, ಮುಂದಿನ ಅಂಚಿಗೆ ಬೆರಳುದ್ದದ್ದೊಂದು, ಹೀಗೆ ಮೂರು ಲೇಯರ್ ಇಟ್ಟು, ಮುಂದಿನ ಕೊರಡು ಮುಚ್ಚುವ ಭಾಗವನ್ನು ಮಾಸ್ಕ್ ಹಾಕಿ ಮರೆಮಾಡಿ. ಕಬ್ಬಿಣದ ಜಾಲರಿ ಇದ್ದರೆ ಅದು ಉರಿಯ ಮುಂದೆಯೇ ಉಳಿಯಬೇಕು. ಗಾಜಿನ ಬಾಗಿಲಿದ್ದರೆ ಅದರಲ್ಲಿ ಮೂಡಿದ ಕಿಟಕಿಯ ಪ್ರತಿಬಿಂಬವೂ ಉಳಿಯಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಜ್ವಾಲೆಯ ಆಯ್ಕೆಯಲ್ಲಿ. ಕೋಣೆಯ ಫೋಟೊ ಟ್ರೈಪಾಡ್ ಮೇಲೆ, ಬಹುತೇಕ ಕಾಲು ಸೆಕೆಂಡಿನ ಆಸುಪಾಸಿನಲ್ಲಿ ತೆಗೆದದ್ದು. ಅಷ್ಟು ಹೊತ್ತಿನಲ್ಲಿ ನಿಜವಾದ ಉರಿ ಅಲುಗಿ ಮೆತ್ತಗಾಗುತ್ತದೆ. 1/500 ಸೆಕೆಂಡಿನಲ್ಲಿ ಹಿಡಿದ, ಕತ್ತರಿಸಿದಂಥ ಅಂಚಿನ ಜ್ವಾಲೆ ಅಲ್ಲಿ ಒಗ್ಗುವುದಿಲ್ಲ, 1/15ರ ಸುಮಾರಿನದು ಒಗ್ಗುತ್ತದೆ. ಹೋಳಿಯ ಕಾಮದಹನದ ಬೆಂಕಿ ತೆಗೆದು ಕಿರಿದು ಮಾಡುವುದೂ ತಪ್ಪು: ಆಳೆತ್ತರದ ಬೆಂಕಿಯ ನೂರಾರು ನಾಲಿಗೆಗಳನ್ನು ಎರಡಡಿಗೆ ಇಳಿಸಿದರೆ ಕೂದಲೆಳೆಗಳಾಗುತ್ತವೆ. ನಮ್ಮ ಬೆಣ್ಣೆದೋಸೆ ಹೋಟೆಲಿನ ಸೌದೆ ಒಲೆ ಅಳತೆಗೂ ಸರಿ, ಬಣ್ಣಕ್ಕೂ ಸರಿ. ಮಾಲೀಕರ ಒಪ್ಪಿಗೆ ಪಡೆದು, ರಾತ್ರಿ ದೀಪ ಆರಿಸಿದ ಮೇಲೆ, ಹಳದಿ ಬಿಳಿಗೆ ತಿರುಗದಷ್ಟು ಎಕ್ಸ್‌ಪೋಶರ್ ಇಳಿಸಿ 20–30 ಫೋಟೊ ತೆಗೆದಿಟ್ಟುಕೊಂಡರೆ ಬಹಳ ಕಾಲ ಸಾಕು. ಒಂದೇ ಜ್ವಾಲೆಯನ್ನು ಎಡಬಲ ತಿರುಗಿಸಿ ಒಂದೇ ಮನೆಯ ಎರಡು ಅಗ್ಗಿಷ್ಟಿಕೆಗೆ ಹಾಕಿದರೆ ನೋಡುವವರು ಹಿಡಿದುಬಿಡುತ್ತಾರೆ.

ಗ್ಯಾಸ್ ಅಗ್ಗಿಷ್ಟಿಕೆಗೆ ಸೌದೆಯ ಉರಿ ಸಲ್ಲದು. ಅದರ ಜ್ವಾಲೆ ಬರ್ನರ್ ಸಾಲಿನುದ್ದಕ್ಕೂ ತಗ್ಗಾಗಿ, ಬುಡದಲ್ಲಿ ನೀಲಿಯಾಗಿ ಏಳುತ್ತದೆ. ಅಲ್ಲಿ ಕಿಡಿಯೂ ಇಲ್ಲ, ಬೂದಿಯೂ ಇಲ್ಲ.

ಕೊನೆಗೆ ಬೆಳಕು. ಒಲೆಯ ಮುಂದಿನ ಕಲ್ಲಿಗೆ ಕಿತ್ತಳೆ ಬಣ್ಣದ ಲೇಯರ್ ‘ಸಾಫ್ಟ್ ಲೈಟ್’ ಬ್ಲೆಂಡ್ ಮೋಡ್‌ನಲ್ಲಿ 10–15 ಶೇಕಡಾ ದಟ್ಟತೆಗೆ (ಒಪಾಸಿಟಿ), ನೆಲ ಹೊಳಪಿನದಾದರೆ ತಲೆಕೆಳಗು ಮಾಡಿ ಬ್ಲರ್ ಕೊಟ್ಟ ಉರಿ ಸುಮಾರು 20 ಶೇಕಡಾ. ಕಿಟಕಿಯಿಂದ ಬಿಸಿಲು ಬಿದ್ದಿದ್ದರೆ ಇದರ ಅರ್ಧವೂ ಹೆಚ್ಚೇ.

ಇಷ್ಟೆಲ್ಲ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಒಲೆ ಉರಿಯುತ್ತದೆಯೇ? ಒಳಗೆ ಹೂಕುಂಡವೋ ಮೇಣದಬತ್ತಿಯ ಸಾಲೋ ಇದ್ದರೆ, ಹೊಗೆಗೂಡನ್ನು ಮುಚ್ಚಿರಬಹುದು. ಅಲ್ಲಿ ಉರಿ ಹಾಕುವುದು ಕೊಳ್ಳುವವರಿಗೆ ಸುಳ್ಳು ಹೇಳಿದಂತೆ. ಫೋಟೊಗ್ರಾಫರನ್ನು ಕೇಳಿ, ಉತ್ತರ ಬಾರದಿದ್ದರೆ ಬೆಂಕಿ ಹಾಕದೆ ಕಳಿಸಿ. ಕ್ಯಾಲಿಫೋರ್ನಿಯಾದಲ್ಲಂತೂ 2026ರ ಜನವರಿ 1ರಿಂದ, ಹೀಗೆ ತಿದ್ದಿದ ಚಿತ್ರವನ್ನು ಮನೆ ಮಾರಾಟದ ಜಾಹೀರಾತಿನಲ್ಲಿ ಬಳಸುವ ಏಜೆಂಟರು ತಿದ್ದಿದ್ದೆಂದು ಹೇಳಿ, ಮೂಲ ಚಿತ್ರವನ್ನೂ ನೋಡಲು ಸಿಗುವಂತೆ ಮಾಡಬೇಕು. ಬರಿಯ ಬೆಳಕು, ಬಣ್ಣ ಸರಿಪಡಿಸಿದ್ದಕ್ಕೆ ಇದು ಅನ್ವಯಿಸದು.

ನಮ್ಮಲ್ಲಿ ಅಗ್ಗಿಷ್ಟಿಕೆ ಇಲ್ಲದಿರಬಹುದು. ಆದರೆ ಸೈಟಿನ ಮೇಲೆ ಹಾದುಹೋದ ಹೈಟೆನ್ಷನ್ ತಂತಿ ಅಳಿಸುವುದು, ಬರಡು ಲೇಔಟಿಗೆ ಹಸಿರು ಪಾರ್ಕ್ ಹರಡುವುದು ಇದೇ ಕೈಚಳಕ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಕಲಂ ಪ್ರಕಾರ, ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಪ್ರವರ್ತಕರು (ಲೇಔಟ್, ಮನೆ ಕಟ್ಟಿ ಮಾರುವವರು) ಪರಿಹಾರ ಕೊಡಬೇಕು. ಮುಂಗಡ ಕೊಟ್ಟವರು ಹಿಂದೆ ಸರಿದರೆ ಅವರ ಹಣವನ್ನು ಬಡ್ಡಿಸಮೇತ ಮರಳಿಸಬೇಕು. ನಿಮ್ಮ ಪತ್ರಿಕೆ ಸೈಟು, ಮನೆಗಳ ಜಾಹೀರಾತು ತೆಗೆದುಕೊಳ್ಳುವಾಗ ಚಿತ್ರದಲ್ಲಿ ಏನಾದರೂ ಸೇರಿಸಿದ್ದೀರಾ, ಅಳಿಸಿದ್ದೀರಾ ಎಂದು ಕೇಳಿ, ಹೌದೆಂದರೆ ಅದರ ಕೆಳಗೆ ‘ತಿದ್ದಿದ ಚಿತ್ರ’ ಎಂದು ಓದಲು ಬರುವ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇವೆ.

– ಫೋಟೊ ಎಡಿಟಿಂಗ್ ವೃತ್ತಿಯವರು, ದಾವಣಗೆರೆ