ವಿಷಯ: 2,400 ಗ್ರಾಫ್ಟಿಗೆ ಬಿಲ್ಲು, ತೆಗೆದದ್ದು 1,440: ಕೂದಲು ಕಸಿ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಕೂದಲು ಕಸಿ ಕ್ಲಿನಿಕ್, ಕಲಬುರಗಿ

ಮಾನ್ಯರೇ,

ನಿಮ್ಮಲ್ಲಿ ಎಫ್‌ಯುಇ ವಿಧಾನದ (ಹಿಂದಲೆಯ ಕೂದಲನ್ನು ಬೇರುಸಹಿತ ಒಂದೊಂದಾಗಿ ಕೊರೆದು ತೆಗೆದು ಮುಂದೆ ನೆಡುವ) ಕಸಿಯಾಗಿ 13 ತಿಂಗಳಾಯಿತು. ಒಂದು ಗ್ರಾಫ್ಟಿಗೆ, ಅಂದರೆ ಬೇರುಸಹಿತ ತೆಗೆದ ಒಂದೆರಡು-ಮೂರು ಕೂದಲಿನ ಗುಚ್ಛಕ್ಕೆ, 30 ರೂಪಾಯಿಯಂತೆ 2,400 ಗ್ರಾಫ್ಟಿಗೆ 72,000 ರೂಪಾಯಿ ಪಡೆದಿದ್ದೀರಿ. ಅಷ್ಟು ಗ್ರಾಫ್ಟ್ ತೆಗೆದೇ ಇಲ್ಲ.

ಚರ್ಮವನ್ನು ದುಂಡಗೆ ಕೊರೆಯುವ ಪಂಚ್ ಒಮ್ಮೆ ಇಳಿದರೆ ಒಂದು ರಂಧ್ರ, ಅದರಿಂದ ಬರುವುದು ಒಂದೇ ಗ್ರಾಫ್ಟ್. ಬೇರು ತುಂಡಾದರೆ ಅದೂ ಇಲ್ಲ. ಮೂರನೇ ದಿನ ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದ ಹಿಂದಲೆಯ ಫೋಟೊಗಳಿವೆ. ಪ್ರತಿ ರಂಧ್ರದ ಮೇಲೂ ಸಾಸಿವೆ ಕಾಳಿಗಿಂತ ಚಿಕ್ಕ ಕೆಂಪು ಹಕ್ಕಳೆ, ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಕಿವಿಯಿಂದ ಕಿವಿಯವರೆಗೆ 10 ಕಡೆ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಎಣಿಸಿದರೆ ಸರಾಸರಿ 12. ರಂಧ್ರ ಹಾಕಿದ ಪಟ್ಟಿ 20 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಅಲ್ಲಿಗೆ 1,440. ಎಣಿಕೆಯಲ್ಲಿ ನೂರು ಹೆಚ್ಚುಕಡಿಮೆ ಆಗಬಹುದು, ಬಿಲ್ಲಿಗೂ ಇದಕ್ಕೂ ಇರುವ 960ರಷ್ಟು ವ್ಯತ್ಯಾಸ ಆಗುವುದಿಲ್ಲ.

ಎರಡು-ಮೂರು ಕೂದಲಿನ ಗ್ರಾಫ್ಟ್‌ಗಳನ್ನು ಒಡೆದು ನೆಟ್ಟಿದ್ದೇವೆ, ಅದಕ್ಕೇ ಸಂಖ್ಯೆ ಹೆಚ್ಚಾಯಿತು ಎಂದು ನಿಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಒಡೆದರೆ ಗ್ರಾಫ್ಟಿನ ಸಂಖ್ಯೆ ಏರುತ್ತದೆ, ಕೂದಲು ಒಂದೂ ಹೆಚ್ಚುವುದಿಲ್ಲ. ಅಲ್ಲದೆ ಒಡೆದಿದ್ದರೆ ಒಂಟಿ ಕೂದಲಿನ ಗ್ರಾಫ್ಟ್ ಬೇಕಾದಷ್ಟು ಸಿಗುತ್ತಿದ್ದವು. ಹಣೆಯ ಮೊದಲ ಎರಡು ಮೂರು ಸಾಲಿಗೆ ಹಾಕಬೇಕಾದದ್ದು ಅವನ್ನೇ. ಈಗ ಆ ಸಾಲಿನಲ್ಲಿ ಒಂದೇ ಕುಳಿಯಿಂದ ಎರಡು, ಮೂರು ದಪ್ಪ ಕೂದಲು ಬ್ರಷ್ಷಿನ ಎಳೆಯಂತೆ ನೆಟ್ಟಗೆ ಎದ್ದಿವೆ. ಮುಂದಕ್ಕೆ ಬಾಗಿಸಿ ನೆಡುವ ಕೋನವನ್ನೂ ನೋಡಿಲ್ಲ. 12 ತಿಂಗಳು ದಾಟಿದ ಮೇಲೆ ಇನ್ನೂ ಕಾಯಿರಿ ಎನ್ನುವ ಮಾತು ಸಲ್ಲದು.

ನಡುನೆತ್ತಿಯ ಹಳೆಯ ಕೂದಲು ಉದುರುತ್ತಿರುವುದು ವಂಶದಿಂದ ಬಂದದ್ದು, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಮುಂದೆ ಅಲ್ಲಿಗೆ ಬೇಕಾಗುವುದೂ ಹಿಂದಲೆಯ ಈ ಕೂದಲೇ. ಒಮ್ಮೆ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಎಷ್ಟು ತೆಗೆದಿರಿ, ಎಷ್ಟು ಕೆಡಿಸಿದಿರಿ ಎಂಬುದು ತಿಳಿಯಲೇಬೇಕು.

ವೈದ್ಯರು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊರಟರು, ಪಂಚ್ ಹಿಡಿದವರು ಟೆಕ್ನಿಷಿಯನ್. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಈ ಶಸ್ತ್ರಚಿಕಿತ್ಸೆ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಒಂದು, ಎರಡು, ಮೂರು ಕೂದಲಿನ ಗ್ರಾಫ್ಟ್ ಎಷ್ಟೆಷ್ಟು ಎಂಬ ಎಣಿಕೆ ಹಾಳೆ, ಪಂಚಿನ ಅಳತೆ, ರಂಧ್ರ ಹಾಕಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಕೊಡಿ. 2002ರ ವೈದ್ಯಕೀಯ ನಡವಳಿಕೆ ನಿಯಮದಂತೆ ದಾಖಲೆಗೆ 72 ಗಂಟೆಯ ಗಡುವಿದೆ. 960 ಗ್ರಾಫ್ಟಿನ 28,800 ರೂಪಾಯಿ ಹಿಂದಿರುಗಿಸಿ. ಹಣೆಯ ದಪ್ಪ ಗ್ರಾಫ್ಟ್‌ಗಳನ್ನು ಅರ್ಹ ಸರ್ಜನ್ ಕೈಯಿಂದ ತೆಗೆಸಿ, ಹಿಂದಿನ ಸಾಲುಗಳಿಗೆ ನೆಡಿಸಿ. 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಕಲಬುರಗಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾವೆ ಹೂಡುತ್ತೇನೆ.

ಲಗತ್ತು: ಬಿಲ್ಲು, 10 ಫೋಟೊ

ಇಂತಿ,
ನಿಮ್ಮ ಗ್ರಾಹಕ