ಪದ ಬರೆದವನಿಗೂ ಕರಪತ್ರದಲ್ಲಿ ಒಂದು ಸಾಲು ಕೊಡಿಸಿ

ಮಂಜೇಶ್ವರ ಕ್ಷೇತ್ರದ ಮಾನ್ಯ ಶಾಸಕರಿಗೆ ಕುಂಬಳೆಯಿಂದ ನಮಸ್ಕಾರ.

ಕಳೆದ ಸಲ ನಮ್ಮೂರ ಗದ್ದೆಯಲ್ಲಿ ಆದ ಯಕ್ಷಗಾನ ಆಟದ ಕರಪತ್ರ ಇನ್ನೂ ನನ್ನ ಹತ್ತಿರ ಇದೆ. ಪ್ರಸಂಗ, ಅಂದರೆ ಆಡುವ ಕಥೆ, ಪಂಚವಟಿ, ವಾಲಿ ಮೋಕ್ಷ. ಭಾಗವತರ ಹೆಸರಿದೆ, ಚೆಂಡೆ ಮದ್ದಳೆಯವರದ್ದಿದೆ, ಮುಮ್ಮೇಳದ ಅಷ್ಟೂ ವೇಷಧಾರಿಗಳದ್ದಿದೆ, ಮೈಕಿನವರದ್ದೂ ಇದೆ, ನಿಮ್ಮ ಫೋಟೋ ಅಂತೂ ಸ್ವಲ್ಪ ಜಾಸ್ತಿಯೇ ದೊಡ್ಡದಿದೆ (ಬೇಜಾರು ಮಾಡ್ಬೇಡಿ). ಅಲ್ಲಿ ಹಾಡಿದ ಪದ ಬರೆದವನ ಹೆಸರು ಮಾತ್ರ ಇಲ್ಲ. ಅವನು ಇದೇ ಕುಂಬಳೆಯವನು, ಅಲ್ವಾ?

ಪಾರ್ತಿಸುಬ್ಬ. ತಾಯಿ ಪಾರ್ವತಿ, ಊರವರ ಬಾಯಲ್ಲಿ ಪಾರ್ತಿ, ಹಾಗಾಗಿ ಮಗನಿಗೆ ಆ ಹೆಸರು ಅಂತ ಹಿರಿಯರು ಹೇಳುತ್ತಾರೆ. ಅವನ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಪ್ರಸಂಗಗಳು ಅವನವೇ ಹೌದಾ ಅಂತ ಶಿವರಾಮ ಕಾರಂತರು ತಕರಾರು ತೆಗೆದಿದ್ದರು, ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ಅವನ ಪರ. ನನಗಂತೂ ಪದಗಳಲ್ಲಿ ಬರುವ ಕಣ್ವಪುರದ ಕೃಷ್ಣನೇ ಸಾಕು. ಕಣ್ವಪುರ ಅಂದರೆ ನಮ್ಮ ಕಣಿಪುರ, ಪೇಟೆ ಪಕ್ಕದ ಗೋಪಾಲಕೃಷ್ಣನ ಗುಡಿ. ಸೀತಾ ಸ್ವಯಂವರದಿಂದ ಕುಶಲವರ ಕಾಳಗದ ತನಕ ರಾಮಾಯಣ ಆಟಕ್ಕೆ ಒದಗಿದ್ದು ಅವನಿಂದ.

ಆಟದಲ್ಲಿ ಮಾತನ್ನು ಯಾರೂ ಬರೆದಿಡುವುದಿಲ್ಲ. ಕವಿ ಕೊಡುವುದು ರಾಗ, ತಾಳ ಗುರುತಿಸಿದ ನಾಲ್ಕಾರು ಸಾಲಿನ ಪದ, ಅಷ್ಟೇ. ಭಾಗವತರು ಅದನ್ನು ಹಾಡುತ್ತಾರೆ, ವೇಷಧಾರಿ ಅಲ್ಲೇ ನಿಂತು ಅರ್ಥ ಹೇಳುತ್ತಾನೆ, ಅಂದರೆ ಮಾತು ಕಟ್ಟುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನೆ ಮಾಡುವ ಜಾಗ ನೋಡಿ, ವೇಷ, ಕುಣಿತ ಇಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯಲ್ಲಿ ಅದು ಗಂಟೆಗಟ್ಟಲೆ ಬೆಳೆಯುತ್ತದೆ, ಜನ ಎದ್ದು ಹೋಗುವುದಿಲ್ಲ. ಪದ ಪೊಳ್ಳಾಗಿದ್ದರೆ ಎಂಥಾ ಅರ್ಥಧಾರಿಯೂ ಅಷ್ಟು ಬೆಳೆಸಲಾರ.

ನನ್ನ ಸೋದರಮಾವ ಒಂದು ಪ್ರಸಂಗ ಬರೆದರು. ಅಡಿಕೆ ತೋಟದ ಕೆಲಸದ ನಡುವೆ ಮೂರು ವರ್ಷ ಪದಗಳಿಗೆ ಮಟ್ಟು ಕೂರಿಸಿದರು, ಭಾಮಿನಿ ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದರೆ ಊಟ ಬಿಡುತ್ತಿದ್ದರು. ಸಿಕ್ಕಿದ್ದು ಒಂದು ಶಾಲು. ಎರಡನೇ ಆಟಕ್ಕೆ ಅವರನ್ನು ಕರೆಯಲೂ ಇಲ್ಲ.

ಹಾಗಾಗಿ ದೊಡ್ಡದೇನೂ ಕೇಳುತ್ತಿಲ್ಲ. ಸರಕಾರದ್ದೋ ಪಂಚಾಯತಿನದ್ದೋ ದುಡ್ಡು ಬೀಳುವ ಆಟ, ತಾಳಮದ್ದಳೆ ಎಲ್ಲಾದರೂ ಆದರೆ, ಪ್ರಸಂಗ ಕವಿಯ ಹೆಸರು ಕರಪತ್ರದಲ್ಲಿ ಇರಬೇಕು, ಮೈಕಿನಲ್ಲಿ ಒಮ್ಮೆ ಹೇಳಬೇಕು. ಕವಿ ಬದುಕಿದ್ದರೆ ಸಂಭಾವನೆಯಲ್ಲಿ ಅವರಿಗೂ ಒಂದು ಪಾಲು. ಅನುದಾನದ ಶರತ್ತಿನಲ್ಲಿ ಇದನ್ನು ಸೇರಿಸಲು ನೀವು ಹೇಳಿದರೆ ಆಗುತ್ತದೆ.

ಮುಂದಿನ ತಿಂಗಳ ಆಟಕ್ಕೆ ದೀಪ ಬೆಳಗಲು ನೀವೇ ಬರುತ್ತೀರಂತೆ. ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ, ವಿಚಾರಿಸಿದ್ದೇನೆ.

ಇತಿ,
ಆಟ ಬಿಡದೆ ನೋಡುವ ಒಬ್ಬ ಕುಂಬಳೆಯವ