ಮಗಳೇ, ಆರ್ಡರ್‌ಗೂ ಮೊದಲು ಮರ ನೋಡು

ಪ್ರೀತಿಯ ಮಗಳಿಗೆ,

ನೀನು ಕೇಳಿದ ಅಳತೆಗಳನ್ನು ಬರೆದು ಕಳಿಸುತ್ತಿದ್ದೇನೆ. ಕೆಲಸ ಬಿಟ್ಟು ಸಾಗರಕ್ಕೆ ಬಂದು ಉಪ್ಪಿನಕಾಯಿ ವ್ಯವಹಾರ ನೋಡಿಕೊಳ್ಳುತ್ತೇನೆ ಎಂದು ನೀನು ಹೇಳಿದಾಗಿನಿಂದ ನನಗೂ ಅಪ್ಪನಿಗೂ ಖುಷಿಯೋ ಖುಷಿ. ಬೆಂಗಳೂರಿನ ಅಂಗಡಿಯವರು ಈಗಿನ ನಾಲ್ಕು ಪಟ್ಟು ಮಾಲು ಕೇಳುತ್ತಿದ್ದಾರೆ ಎಂದಿದ್ದೀಯ. ಅವರಿಗೆ ಹೂಂ ಅನ್ನುವ ಮೊದಲು ಈ ಪತ್ರ ಪೂರ್ತಿ ಓದು. ಫೋನಿನಲ್ಲಿ ಹೇಳಿದರೆ ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ, ಅಲ್ವಾ?

1 ಕೆಜಿ ಅಪ್ಪೆಮಿಡಿಗೆ, ಅಂದರೆ ಉಪ್ಪಿನಕಾಯಿಯ ಎಳೆ ಮಾವಿಗೆ, ಕಾಲು ಕೆಜಿ ಕಲ್ಲುಪ್ಪು. ಭರಣಿಯ ತಳಕ್ಕೆ ಉಪ್ಪು, ಮೇಲೆ ಮಿಡಿ, ಮತ್ತೆ ಉಪ್ಪು. ಮಿಡಿ ತೊಳೆದ ಮೇಲೆ ನೀರಿನ ಪಸೆ ಪೂರ್ತಿ ಆರಿರಬೇಕು. ಮೇಲೆ ತೂಕಕ್ಕೆ ಹೊಳೆಯ ಗುಂಡುಕಲ್ಲು. ಉಪ್ಪು ಕರಗಿ ಮಿಡಿ ನೀರು ಬಿಟ್ಟುಕೊಳ್ಳುತ್ತದೆ. ದಿನಾ ಒಮ್ಮೆ ಮರದ ಸಟ್ಟುಗದಲ್ಲಿ ಮೇಲೆ ಕೆಳಗೆ ಮಾಡು. ಎರಡು ಮೂರು ವಾರಕ್ಕೆ ಮಿಡಿ ಚಿರುಟಿಕೊಳ್ಳುತ್ತದೆ. ಆಗ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ತಣಿಸಬೇಕು. ಖಾರ ರುಬ್ಬುವುದು ಆ ನೀರಿನಲ್ಲೇ. ಬೇರೆ ನೀರು ಒಂದು ಹನಿಯೂ ಬೇಡ.

ಖಾರಕ್ಕೆ ಕೆಜಿಗೆ 100 ಗ್ರಾಂ ಬ್ಯಾಡಗಿ ಮೆಣಸು, 60 ಗ್ರಾಂ ಸಾಸಿವೆ, ಸ್ವಲ್ಪ ಅರಿಶಿನ, ಕಡಲೆಕಾಳಿನಷ್ಟು ಇಂಗು. ಮೆಣಸು ಗರಿಗರಿ ಆಗುವಷ್ಟು ಮಾತ್ರ ಹುರಿ. ಬ್ಯಾಡಗಿಯಿಂದ ಬಣ್ಣ ಬರುತ್ತದೆ, ಉರಿ ಕಡಿಮೆ. ಸಾಸಿವೆಯನ್ನು ನಮ್ಮ ಮನೆಯಲ್ಲಿ ಹುರಿಯುವುದೇ ಇಲ್ಲ. ಹಸಿ ಸಾಸಿವೆ ನೀರು ಸೇರಿ ಅರೆದಾಗಲೇ ಅದರ ಘಾಟು ಏಳುವುದು. ಬಿಸಿ ಮಾಡಿದರೆ ಆ ಘಾಟು ಸತ್ತುಹೋಗುತ್ತದೆ. ಉಪ್ಪಿನಕಾಯಿ ಕೆಡದಂತೆ ಕಾಯುವುದರಲ್ಲಿ ಉಪ್ಪಿನ ಜೊತೆ ಆ ಘಾಟಿಗೂ ಪಾಲಿದೆ. ಕೆಡದಿರಲು ಸೋಡಿಯಂ ಬೆಂಜೊಯೇಟ್ ಎಂಬ ರಾಸಾಯನಿಕ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ನೀನು ಧೈರ್ಯವಾಗಿ ಬೇಡ ಅನ್ನು.

ಅಳತೆ ಇಷ್ಟೇ. ಇದನ್ನು ನೋಡಿ ಯಾರು ಬೇಕಾದರೂ ಮಾಡಬಹುದು. ಆದರೆ ಒಂದು ವಿಷಯ ಇದರಲ್ಲಿ ಬಂದಿಲ್ಲ.

ಅಜ್ಜಿ ನನಗೆ ಹೇಳಿಕೊಟ್ಟದ್ದು ಕೆಜಿ ಲೆಕ್ಕದಲ್ಲಲ್ಲ. ನೂರು ಮಿಡಿಗೆ ಇಷ್ಟು ಸಿದ್ದೆ (ಅಳೆಯುವ ಪಾತ್ರೆ) ಉಪ್ಪು, ಇಷ್ಟು ಮೆಣಸು ಎನ್ನುತ್ತಿದ್ದಳು. ಅವಳಿಗೆ ಅವಳ ಅತ್ತೆ ಹೇಳಿದ್ದೂ ಹಾಗೇ. ತೂಕಕ್ಕೆ ಇಳಿಸಿದವಳು ನಾನು, ಅದೂ ಲೈಸೆನ್ಸ್ ಮಾಡಿಸಿ ಬಾಟಲಿಗೆ ಲೇಬಲ್ ಅಂಟಿಸಲು ಶುರು ಮಾಡಿದ ಮೇಲೆ. ಆಗಲೇ ನನಗೆ ಹೊಳೆದದ್ದು. ಒಂದು ಮರದ ಮಿಡಿ ಬೆರಳುದ್ದ ಇದ್ದರೆ ಇನ್ನೊಂದು ಮರದ್ದು ಗೋಲಿಯಷ್ಟು ಇರುತ್ತದೆ. ಹಾಗಿರುವಾಗ ನೂರು ಎಂದರೆ ಯಾವ ನೂರು? ಅಜ್ಜಿಗೆ ಆ ಪ್ರಶ್ನೆಯೇ ಇರಲಿಲ್ಲ. ಅವಳು ಹೇಳುತ್ತಿದ್ದ ನೂರು ಹೊಳೆಬದಿಯ ಮರದ ನೂರು. ಮರವೂ ಅವಳ ಅಳತೆಯ ಒಳಗೇ ಇತ್ತು.

ಇಲ್ಲಿಯ ಒಂದೊಂದು ಅಪ್ಪೆಮರಕ್ಕೂ ಒಂದೊಂದು ಗುಣ. ಜೀರಿಗೆ ಮಿಡಿಯ ತೊಟ್ಟು ಮುರಿದರೆ ಜೀರಿಗೆ ಪರಿಮಳ ಮೂಗಿಗೆ ಹೊಡೆಯುತ್ತದೆ. ಕೆಲವು ಮರದ್ದು ಬರೀ ಹುಳಿ, ಪರಿಮಳವೇ ಇಲ್ಲ. ಕೆಲವು ಭರಣಿಯಲ್ಲಿ ಆರು ತಿಂಗಳಿಗೇ ಮೆತ್ತಗಾಗುತ್ತವೆ. ಹೊಳೆಬದಿಯ ಮರದ್ದು ಮೂರನೇ ವರ್ಷವೂ ಕಟುಕ್ ಎನ್ನುತ್ತದೆ. ನಮ್ಮ ಗಿರಾಕಿಗಳು ದುಡ್ಡು ಕೊಡುವುದು ಆ ಕಟುಕ್ ಶಬ್ದಕ್ಕೆ.

ಮಿಡಿ ಆರಿಸುವುದನ್ನು ನೀನು ಕೈಯಾರೆ ಕಲಿಯಬೇಕು. ಒಂದನ್ನು ಅಡ್ಡಕ್ಕೆ ಕತ್ತರಿಸು. ಒಳಗೆ ಗೊರಟು ಗಟ್ಟಿಯಾಗಿದ್ದರೆ ಆ ಮಿಡಿ ಬಲಿತಿದೆ, ಬೇಡ. ತೊಟ್ಟು ಇರಲೇಬೇಕು. ತೊಟ್ಟು ಕಳಚಿದರೆ ಸೊನೆ ಸೋರಿಹೋಗುತ್ತದೆ. ಸೊನೆ ಹೋದರೆ ಪರಿಮಳವೂ ಹೋಯಿತು. ನೆಲಕ್ಕೆ ಬಿದ್ದ ಮಿಡಿ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಹೆಬ್ಬೆರಳಲ್ಲಿ ಒತ್ತಿ ನೋಡು, ಪೆಟ್ಟಾದ ಕಡೆ ಸ್ವಲ್ಪ ಒಳಗೆ ಹೋಗುತ್ತದೆ. ಅಂಥದ್ದು ನಾಲ್ಕು ಸೇರಿದರೆ ಇಡೀ ಭರಣಿಗೆ ವಾಸನೆ ಹಿಡಿಯುತ್ತದೆ.

ನಾಲ್ಕು ಪಟ್ಟು ಆರ್ಡರ್ ಒಪ್ಪಿಕೊಂಡರೆ ಪೇಟೆಯಿಂದ ಮೂಟೆ ಮಿಡಿ ತರಬೇಕಾಗುತ್ತದೆ. ಆ ಮೂಟೆಯಲ್ಲಿ ಹತ್ತಾರು ಮರದ ಮಿಡಿ ಬೆರೆತಿರುತ್ತದೆ. ಕೊಯ್ದದ್ದು ಯಾವುದು, ಬಡಿದು ಉದುರಿಸಿದ್ದು ಯಾವುದು ಗೊತ್ತಾಗುವುದಿಲ್ಲ. ಅದಕ್ಕಿಂತ ನನಗೆ ಜಾಸ್ತಿ ಸಂಕಟ ಆಗುವುದು ಮರಗಳ ಗತಿ ನೋಡಿ. ಮರ ಹತ್ತಿ ಕೊಯ್ಯುವವರು ಸಿಗುವುದಿಲ್ಲ ಎಂದು ಕೊಂಬೆಗೆ ಕೊಂಬೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ. ಆ ಮರ ಮತ್ತೆ ಚಿಗುರಿ ಹೂ ಬಿಡಲು ಎಷ್ಟು ವರ್ಷ ಬೇಕು ಹೇಳು. ನಮಗೆ ಕೊಯ್ದುಕೊಡುವವರು ಬುಟ್ಟಿಗೆ ಹಗ್ಗ ಕಟ್ಟಿ ಮೇಲಿಂದ ಇಳಿಸುತ್ತಾರೆ. ಕೂಲಿ ಜಾಸ್ತಿ ಹೌದು. ಆ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡ.

ನನ್ನ ತವರಿನ ಕಡೆಯ ಹಿರಿಯರು ಶರಾವತಿ ದಂಡೆಯ ಅಪ್ಪೆಮರಗಳನ್ನು ಮನೆಮಂದಿಯನ್ನು ನೆನೆದ ಹಾಗೆ ನೆನೆಯುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರು, ಗದ್ದೆ, ತೋಟದ ಜೊತೆ ಆ ಮರಗಳೂ ಮುಳುಗಿದವು. ಜನರಿಗೆ ಬೇರೆ ಕಡೆ ಜಾಗ ಸಿಕ್ಕಿತು, ಸಿಗದವರೂ ಇದ್ದರು. ಮರಕ್ಕೆ ಹಾಗೆ ಎದ್ದು ಹೋಗಲು ಆಗುತ್ತದೆಯೇ? ಆ ರುಚಿಗಳು ಹೋದವು, ಅಳತೆ ಮಾತ್ರ ಬಾಯಲ್ಲಿ ಉಳಿಯಿತು. ಈಗ ವರದಾ, ಅಘನಾಶಿನಿ ದಂಡೆಯಲ್ಲೂ ಹಳೆಯ ಮರ ಕಡಿಮೆಯಾಗುತ್ತಿವೆ.

ಹಾಗಂತ ವ್ಯವಹಾರ ಬೆಳೆಸಬೇಡ ಎನ್ನುತ್ತಿಲ್ಲ. ಗಿಡ ನೆಟ್ಟುಕೊಂಡು ಬೆಳೆಸು. ಬೀಜ ಹಾಕಿದರೆ ತಾಯಿಮರದ ಪರಿಮಳ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಕಸಿಯೇ ಆಗಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಮಿಡಿ ಬಿಡಲು ಶುರು ಮಾಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಲೆನಾಡಿನ ಅಪ್ಪೆ ತಳಿಗಳನ್ನು ಹುಡುಕಿ ತಂದು ಬೆಳೆಸಿದ್ದಾರೆ. ಬೆಂಗಳೂರು ಬಿಡುವ ಮೊದಲು ಒಂದು ದಿನ ಅಲ್ಲಿಗೆ ಹೋಗಿ ಬಾ.

ಸಾಲದ ವಿಚಾರ ನೀನು ಕೇಳಿದ್ದೆ. ಸಣ್ಣ ಆಹಾರ ಉದ್ದಿಮೆಗಳಿಗೆ ಎಂದು 2020ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ಮಾಡಿದವರಿಗೆ ಒಟ್ಟು ವೆಚ್ಚದ ಶೇ 35ರಷ್ಟು ಸಹಾಯಧನ ಇತ್ತು, ಗರಿಷ್ಠ 10 ಲಕ್ಷ. ಈಗಲೂ ಇದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸು. ಸಿಕ್ಕರೆ ರುಬ್ಬುವ ಮಷಿನ್, ಬಾಟಲಿ ತುಂಬುವ ಕೋಣೆ ಮಾಡೋಣ. ಕಂತು ಕಟ್ಟಲಿಕ್ಕಾಗಿ ಮಾಲು ಜಾಸ್ತಿ ಮಾಡುವಷ್ಟು ದೊಡ್ಡ ಸಾಲ ಮಾತ್ರ ಬೇಡ.

ಅಂಗಡಿಯವರಿಗೆ ಹೀಗೆ ಹೇಳು: ಈ ವರ್ಷ ಈಗಿನಷ್ಟೇ. ಮಾವು ಒಂದು ವರ್ಷ ಕೊಟ್ಟರೆ ಮರುವರ್ಷ ಕೈಕೊಡುತ್ತದೆ. ಹೂ ಬಂದಾಗ ಮೋಡ ಮುಸುಕಿದರಂತೂ ಅರ್ಧ ಉದುರುತ್ತದೆ. ಒಳ್ಳೆಯ ವರ್ಷದಲ್ಲಿ ಹೆಚ್ಚುವರಿ ಮಿಡಿಯನ್ನು ಉಪ್ಪಿನಲ್ಲೇ ಇಟ್ಟುಕೊಂಡು, ಕಡಿಮೆಯಾದ ವರ್ಷ ಖಾರ ಹಾಕಿ ಕೊಡುತ್ತೇವೆ. ಒಪ್ಪಿದರೆ ಸರಿ. ಒಪ್ಪದಿದ್ದರೆ ನಮ್ಮ ಹಳೇ ಗಿರಾಕಿಗಳು ಇದ್ದಾರೆ.

ಸಂಕ್ರಾಂತಿ ಮುಗಿಸಿಕೊಂಡೇ ಬಂದುಬಿಡು. ಕೊಯ್ಲು ಶುರುವಾಗುವ ಮೊದಲು ಹೊಳೆಬದಿಯ ಮರ, ಗುಡ್ಡದ ಜೀರಿಗೆ ಮರ, ದೊಡ್ಡಪ್ಪನ ಗದ್ದೆಯಂಚಿನ ಮರ, ಮೂರನ್ನೂ ನಿನಗೆ ತೋರಿಸಬೇಕು. ಕಸಿ ಕಟ್ಟುವವರಿಗೆ ಈಗಲೇ ಹೇಳಿಟ್ಟಿದ್ದೇನೆ, ಮಳೆ ಹಿಡಿದ ಮೇಲೆ ಬರುತ್ತಾರೆ. ಯಾವ ಮರದ ಕಡ್ಡಿ ತೆಗೆಯಬೇಕು ಎಂದು ಅವರಿಗೆ ಹೇಳುವವಳು ಈ ಸಲ ನೀನು.

ನಿನ್ನ
ಅಮ್ಮ